ರಾಗಿ ಹುಲ್ಲಿಗೂ ವಂಶಾವಳಿ ಇದೆ: ಬೀಜದ ವೈವಿಧ್ಯವನ್ನು ಅಳೆಯುವ ಬಗೆ



ಹಸು ಬೆದೆಗೆ ಬಂತೆಂದು ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಫೋನ್ ಮಾಡುತ್ತೀರಿ. ಅವರು ಬಂದು ನೈಟ್ರೋಜನ್ ಜಾಡಿಯ ಮುಚ್ಚಳ ತೆಗೆಯುವ ಮುಂಚೆ ನಿಮ್ಮಲ್ಲಿ ಕೆಲವರಾದರೂ ಕೇಳುತ್ತೀರಿ: "ಹೋದ ಸಲ ಇದರ ತಾಯಿಗೆ ಕೊಟ್ಟಿದ್ದು ಯಾವ ಹೋರಿದು?" ತಂದೆ ಹೋರಿಯ ವೀರ್ಯ ಮಗಳಿಗೆ ಬೀಳಬಾರದು, ಬಿದ್ದರೆ ಕರು ಸೊರಗುತ್ತದೆ ಎಂಬುದು ನಿಮಗೆ ಗೊತ್ತು. ಅದಕ್ಕೇ ಹೋರಿಯ ನಂಬರು ಬರೆದಿಡುವುದು, ಅದಕ್ಕೇ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುವುದು.

ಅದೇ ಪ್ರಶ್ನೆಯನ್ನು ಹೊಲದ ರಾಗಿಗೆ ಕೇಳಿ ನೋಡಿ. ಬಣವೆಯಲ್ಲಿರುವ ಹುಲ್ಲು ಯಾವ ತಳಿಯದು? ಅದರ ತಾಯಿ ಯಾರು, ತಂದೆ ಯಾರು? ಪಕ್ಕದ ಹೊಲದ ರಾಗಿಗೂ ನಿಮ್ಮ ರಾಗಿಗೂ ಏನು ನಂಟು? ಹೆಚ್ಚಿನ ಮನೆಗಳಲ್ಲಿ "ರೈತ ಸಂಪರ್ಕ ಕೇಂದ್ರದಿಂದ ತಂದದ್ದು" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಹಾಲಿನ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು. ಆ ಮೇವಿನ ವಂಶಾವಳಿಯನ್ನು ನಾವು ಕೇಳುವುದೇ ಇಲ್ಲ. ಕೇಳುವವರು ತಳಿ ವಿಜ್ಞಾನಿಗಳು. ಹೊಸ ತಳಿ ಮಾಡಲು ಹೊರಟಾಗ ಅವರ ಮೊದಲ ಕೆಲಸವೇ ಕೈಯಲ್ಲಿರುವ ಬೀಜಗಳಲ್ಲಿ ಎಷ್ಟು ಬಗೆಯಿದೆ, ಯಾವುದು ಯಾವುದಕ್ಕೆ ಹತ್ತಿರ, ಯಾವುದು ದೂರ ಎಂದು ಅಳೆಯುವುದು. ಅದನ್ನು ಹೇಗೆ ಮಾಡುತ್ತಾರೆ, ಅದರಲ್ಲಿ ನಿಮ್ಮ ಕೈಯಿಂದ ಏನಾಗಬಹುದು ಎಂಬುದೇ ಈ ಸಂಚಿಕೆಯ ಪಾಠ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಹಸುವಿನಲ್ಲಿ ರಕ್ತಸಂಬಂಧದೊಳಗೆ ಗರ್ಭ ಕಟ್ಟಿಸಿದರೆ ಕೆಡುಕು. ರಾಗಿ ಹಾಗಲ್ಲ. ಅದು ತನ್ನ ಹೂವಿನ ಪರಾಗದಿಂದ ತಾನೇ ಕಾಳು ಕಟ್ಟುವ ಬೆಳೆ. ನಸುಕಿನ ಒಂದರಿಂದ ಐದು ಗಂಟೆಯೊಳಗೆ, ನೀವು ಹಾಲು ಕರೆಯಲು ಏಳುವ ಹೊತ್ತಿಗೆ, ರಾಗಿ ಹೂವಿನ ಕೆಲಸ ಮುಗಿದಿರುತ್ತದೆ. ಹಾಗಾಗಿ ಒಂದು ರಾಗಿ ಗಿಡದ ಮಕ್ಕಳೆಲ್ಲ ಹೆಚ್ಚುಕಡಿಮೆ ತಾಯಿಯ ಅಚ್ಚು. ಇದರಿಂದ ಗಿಡಕ್ಕೆ ತೊಂದರೆಯಿಲ್ಲ, ಆದರೆ ಊರಿಗೆ ತೊಂದರೆ ಬರಬಹುದು. ಇಡೀ ಹೋಬಳಿಯಲ್ಲಿ ಒಂದೇ ತಳಿ ಬಿತ್ತಿದರೆ ಲಕ್ಷಾಂತರ ಗಿಡಗಳಿದ್ದರೂ ರೋಗದ ಕಣ್ಣಿಗೆ ಅದು ಒಂದೇ ಗಿಡ. ಒಂದಕ್ಕೆ ಹತ್ತಿದ್ದು ಎಲ್ಲಕ್ಕೂ ಹತ್ತುತ್ತದೆ. ಅಮೆರಿಕದಲ್ಲಿ 1970ರಲ್ಲಿ ಹೀಗೇ ಆಯಿತು. ಅಲ್ಲಿನ ಮುಸುಕಿನ ಜೋಳದ ಬಹುಪಾಲು ಹೈಬ್ರಿಡ್‌ಗಳಿಗೆ ಒಂದೇ ಬಗೆಯ ತಾಯಿಯ ಬಳುವಳಿ ಇತ್ತು. ಆ ಬಳುವಳಿಯನ್ನೇ ಹುಡುಕಿಕೊಂಡು ಬಂದಂತೆ ಒಂದು ಎಲೆ ಅಂಗಮಾರಿ ಹಬ್ಬಿ, ದೇಶದ ಬೆಳೆಯಲ್ಲಿ ಸುಮಾರು ಶೇ. 15ರಷ್ಟು ಹೋಯಿತು.

ನಮ್ಮ ಕಡೆ ರಾಗಿಗೆ ಅಂಥ ಶತ್ರು ಬೆಂಕಿ ರೋಗ. ಮೋಡ ಮುಸುಕಿ, ಜಡಿಮಳೆ ಹಿಡಿದು, ರಾತ್ರಿ ಇಬ್ಬನಿ ಬಿದ್ದರೆ ಎಲೆಯ ಮೇಲೆ ಕದಿರಿನಾಕಾರದ ಚುಕ್ಕೆ ಕಾಣಿಸುತ್ತದೆ. ಅದು ಎಲೆಯಲ್ಲೇ ನಿಂತರೆ ಪರವಾಗಿಲ್ಲ. ತೆನೆಯ ಕುತ್ತಿಗೆಗೆ ಬಂದರೆ ಅಲ್ಲಿ ಕಪ್ಪಾಗಿ, ಮೇಲಿನ ಇಲುಕುಗಳಿಗೆ ಆಹಾರ ಹೋಗದೆ ತೆನೆ ಜೊಳ್ಳಾಗುತ್ತದೆ. ನಿಮ್ಮ ಅತ್ತೆಯವರನ್ನು ಕೇಳಿ. ಕೈಗೆ ಬಂದ ರಾಗಿ ಹದಿನೈದು ದಿನದಲ್ಲಿ ಬಿಳಿಚಿಕೊಂಡು ಹೋದ ವರ್ಷ ಒಂದಾದರೂ ಅವರಿಗೆ ನೆನಪಿರುತ್ತದೆ.

ಈ ರೋಗಕ್ಕೆ ಉತ್ತರ ಸಿಕ್ಕ ಕಥೆಯಲ್ಲೇ ನಮ್ಮ ಪಾಠದ ತಿರುಳಿದೆ.

ರಾಗಿ ಹುಟ್ಟಿದ್ದು ಇಲ್ಲಲ್ಲ, ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ಇಂದಿನ ಇಥಿಯೋಪಿಯಾ, ಉಗಾಂಡಾಗಳ ಕಡೆ. ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದು, ನಮ್ಮ ಕೆಂಪು ನೆಲಕ್ಕೆ ಒಗ್ಗಿ, ನಮ್ಮದೇ ಆಯಿತು. ಹೊಲದಿಂದ ಹೊಲಕ್ಕೆ, ತವರಿಂದ ಗಂಡನ ಮನೆಗೆ ಬೀಜ ಓಡಾಡಿ ನೂರಾರು ಬಗೆಯಾಯಿತು. ಗಿಡ್ಡ ರಾಗಿ, ಕರಿಕಡ್ಡಿ, ಹಸಿರುಕಂಬಿ, ಉಂಡೆ ರಾಗಿ, ಮಜ್ಜಿಗೆ ರಾಗಿ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ಇಲಾಖೆಯವರು ಇಂಥ ನಾಟಿ ರಾಗಿಗಳಲ್ಲೇ ಒಳ್ಳೆಯ ಗಿಡ ಆರಿಸಿ 1918ರಲ್ಲಿ ಎಚ್-22 ಎಂಬ ತಳಿ ಕೊಟ್ಟರು. ಆರಿಸುವುದರಿಂದ ಸ್ವಲ್ಪ ದೂರ ಹೋಗಬಹುದು, ಬಹಳ ದೂರವಲ್ಲ. ಒಂದೇ ಮನೆತನದೊಳಗೆ ಎಷ್ಟು ಆರಿಸಿದರೂ ಆ ಮನೆತನದಲ್ಲಿ ಇಲ್ಲದ ಗುಣ ಬರುವುದಿಲ್ಲ.

ಎರಡು ದೂರದ ಮನೆತನಗಳನ್ನು ಕೂಡಿಸಿದವರು ಸಿ. ಎಚ್. ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಬ್ರಹ್ಮ ಎಂದೇ ಕರೆದರು. ರಾಗಿ ಹೂವು ಎಷ್ಟು ಸಣ್ಣದೆಂದರೆ ಅದರ ಗಂಡು ಭಾಗ ತೆಗೆದು ಬೇರೆ ಗಿಡದ ಪರಾಗ ಹಾಕುವುದು ಬಲು ತಾಳ್ಮೆಯ ಕೆಲಸ. ಅದಕ್ಕೆ ಒಂದು ಉಪಾಯವೂ ಇದೆ: ಎರಡು ಬಗೆಯ ತೆನೆಗಳನ್ನು ಒಟ್ಟಿಗೆ ಕಟ್ಟಿ ಬಿಡುವುದು. ಸಾವಿರ ಕಾಳಿನಲ್ಲಿ ಕೆಲವಕ್ಕಾದರೂ ಪಕ್ಕದ ತೆನೆಯ ಪರಾಗ ತಗಲುತ್ತದೆ. ಯಾವುದಕ್ಕೆ ತಗುಲಿತೆಂದು ತಿಳಿಯುವುದು ಹೇಗೆ? ತಾಯಿಯಾಗಿ ಹಸಿರು ಕಡ್ಡಿಯದನ್ನೂ ತಂದೆಯಾಗಿ ನೇರಳೆ ಕಡ್ಡಿಯದನ್ನೂ ಇಟ್ಟುಕೊಳ್ಳುತ್ತಾರೆ. ಹಸಿರು ತಾಯಿಯ ಕಾಳು ಬಿತ್ತಿದಾಗ ನೇರಳೆ ಗಿಣ್ಣಿನ ಸಸಿ ಬಂದರೆ ಅದೇ ಕೂಡಿದ ಸಸಿ. "ಕರಿಕಡ್ಡಿ" ಎಂದು ಹೆಸರಿಟ್ಟ ನಮ್ಮ ಅಜ್ಜಿಯರು ಗುರುತಿಸಿದ್ದೂ ಇಂಥದೇ ಗುಣವನ್ನು ಎಂಬುದನ್ನು ಗಮನಿಸಿ.

ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿದರು. ಇಂಡಿಯಾದ "ಇಂಡ್", ಆಫ್ರಿಕಾದ "ಆಫ್" ಸೇರಿ ಇಂಡಾಫ್ ತಳಿಗಳು. ಇಳುವರಿ ಏರಿತು, ತೆನೆ ದಪ್ಪನಾಯಿತು. ಇಂಡಾಫ್-5, ಇಂಡಾಫ್-8, ಇಂಡಾಫ್-9 ಎಂಬವು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇಂದಿಗೂ ಇವೆ. ಆದರೆ ಬೆಂಕಿ ರೋಗ ಬಿಡಲಿಲ್ಲ. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಇಂಡಾಫ್-5, ಇಂಡಾಫ್-9ರ ಜೊತೆಗೆ ಬೀಜಸಂಗ್ರಹದ ಒಂದು ಸಾಲನ್ನು ಕೂಡಿಸಿದರು. ಅದಕ್ಕೆ ಹೆಸರಿಲ್ಲ, ನಂಬರು ಮಾತ್ರ: ಐಇ-1012. ಅದರಲ್ಲಿ ಬೆಂಕಿ ರೋಗ ತಡೆಯುವ ಗುಣವಿತ್ತು. ಆ ಸಂಬಂಧದಿಂದ ಬಂದದ್ದೇ ಜಿಪಿಯು-28. 1990ರ ದಶಕದ ಕೊನೆಯಿಂದ ನಮ್ಮ ರಾಗಿ ಸೀಮೆಯಲ್ಲಿ ಅದು ಹಬ್ಬಿದ ಬಗೆ ನಿಮಗೇ ಗೊತ್ತು.

ಐಇ-1012 ಬೀಜವನ್ನು ಕಪಾಟಿನಲ್ಲಿ ಇಟ್ಟಿದ್ದರಷ್ಟೇ ಸಾಲುತ್ತಿರಲಿಲ್ಲ. ಸಾವಿರಾರು ನಂಬರುಗಳ ನಡುವೆ ರೋಗ ತಡೆಯುವುದು ಇದೇ ಎಂದು ಯಾರೋ ಬಿತ್ತಿ, ರೋಗ ಬರಿಸಿ, ನೋಡಿ, ಬರೆದಿಟ್ಟಿದ್ದರಿಂದ ಅದು ಕೈಗೆ ಬಂತು. ವೈವಿಧ್ಯವನ್ನು ಇಟ್ಟುಕೊಳ್ಳುವುದು ಒಂದು ಕೆಲಸ, ಅಳೆಯುವುದು ಇನ್ನೊಂದು ಕೆಲಸ.

ಅಳೆಯುವ ಕೆಲಸ ಶುರುವಾಗುವುದು ಊರಲ್ಲಿ. ಸಂಗ್ರಹಕ್ಕೆ ಬಂದವರು ಬೀಜದ ಜೊತೆ ಊರು, ಮಣ್ಣು, ಬಿತ್ತುವ ಕಾಲ, ಸ್ಥಳೀಯ ಹೆಸರು, ಬಳಕೆ ಇವನ್ನೆಲ್ಲ ಬರೆದುಕೊಂಡು ಒಂದು ನಂಬರು ಕೊಡುತ್ತಾರೆ. ನಿಮ್ಮ ಹಸುವಿನ ಕಿವಿ ಓಲೆ ಇದ್ದಂತೆಯೇ ಇದು. ಹೆಸರನ್ನು ಮಾತ್ರ ನಂಬಲಾಗುವುದಿಲ್ಲ. ಒಂದು ಸಂಘದ ಸಭೆಗೆ ಇಬ್ಬರು ಅಕ್ಕಂದಿರು ಡಬ್ಬಿಯಲ್ಲಿ ಗಿಡ್ಡ ರಾಗಿ ತಂದಿದ್ದರು. ಒಬ್ಬರದು ಮುಷ್ಟಿ ಕಟ್ಟಿದ ತೆನೆ, ಇನ್ನೊಬ್ಬರದು ಇಲುಕು ಬಿಚ್ಚಿದ ತೆನೆ. ಇಬ್ಬರೂ "ನಮ್ಮದೇ ಗಿಡ್ಡ ರಾಗಿ" ಎಂದು ವಾದಕ್ಕೆ ನಿಂತರು. ಇಬ್ಬರದೂ ಸರಿ. ಕಡ್ಡಿ ಗಿಡ್ಡವಾಗಿದ್ದ ಎರಡು ಬೇರೆ ಬೇರೆ ರಾಗಿಗಳಿಗೆ ಎರಡು ಊರವರು ಒಂದೇ ಹೆಸರಿಟ್ಟಿದ್ದರು, ಅಷ್ಟೇ. ಒಂದೇ ಬೀಜಕ್ಕೆ ನಾಲ್ಕೂರಲ್ಲಿ ನಾಲ್ಕು ಹೆಸರಿರುವುದೂ ಉಂಟು.

ಅದಕ್ಕೇ ಎಲ್ಲವನ್ನೂ ಒಂದೇ ಹೊಲದಲ್ಲಿ, ಒಂದೇ ದಿನ, ಸಾಲು ಸಾಲಾಗಿ ಬಿತ್ತುತ್ತಾರೆ. ಒಬ್ಬರ ಹೊಲದಲ್ಲಿ ಕೊಟ್ಟಿಗೆ ಗೊಬ್ಬರ ಜೋರು, ಇನ್ನೊಬ್ಬರದು ಕಲ್ಲು ನೆಲ ಎಂದಾದರೆ ವ್ಯತ್ಯಾಸ ಬೀಜದ್ದೋ ನೆಲದ್ದೋ ಗೊತ್ತಾಗದು. ನಡುನಡುವೆ ಎಲ್ಲರಿಗೂ ಗೊತ್ತಿರುವ ಒಂದು ತಳಿಯನ್ನು ಹೋಲಿಕೆಗೆಂದು ಹಾಕುತ್ತಾರೆ. ಆಮೇಲೆ ಅಳತೆ: ಎಷ್ಟು ದಿನಕ್ಕೆ ಹೊಡೆ ಬಂತು, ಎಷ್ಟೆತ್ತರ, ಬುಡದಲ್ಲಿ ಎಷ್ಟು ತೆಂಡೆ, ತೆನೆಯ ಆಕಾರ ಏನು, ಎಷ್ಟು ಇಲುಕು, ಇಲುಕಿನ ಉದ್ದ, ಕಾಳಿನ ಬಣ್ಣ, ತೂಕ, ರೋಗ. ತೆನೆಯ ಆಕಾರ, ಕಾಳಿನ ಬಣ್ಣ ಇಂಥವು ಎಲ್ಲಿ ಬಿತ್ತಿದರೂ ಹೆಚ್ಚು ಬದಲಾಗವು. ತೆಂಡೆಯ ಸಂಖ್ಯೆ ಗೊಬ್ಬರ ಕಂಡರೆ ಏರುತ್ತದೆ, ಒತ್ತಾಗಿ ಬಿತ್ತಿದರೆ ಇಳಿಯುತ್ತದೆ. ಆದ್ದರಿಂದ ಅದನ್ನೊಂದನ್ನೇ ನಂಬಿ ತೀರ್ಮಾನ ಮಾಡುವುದಿಲ್ಲ.

ಹೀಗೆ ಹತ್ತಿಪ್ಪತ್ತು ಗುಣಗಳ ಅಂಕಿಗಳನ್ನು ಸೇರಿಸಿ, ಎರಡು ಬೀಜಗಳ ನಡುವಿನ "ದೂರ"ವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಲೆಕ್ಕವಿದೆ. ಅದನ್ನು ಕೊಟ್ಟವರು ಕೋಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಪಿ. ಸಿ. ಮಹಾಲನೋಬಿಸ್. ಅವರು ಅದನ್ನು ಮಾಡಿದ್ದು ಬೆಳೆಗಳಿಗಲ್ಲ, ಮನುಷ್ಯರ ಮೈಯಳತೆಗಳನ್ನು ಹೋಲಿಸಲು. 1936ರಲ್ಲಿ ಪ್ರಕಟವಾದ ಆ ಲೆಕ್ಕ ಇಂದು ದೇಶದ ಕೃಷಿ ಕಾಲೇಜುಗಳಲ್ಲೆಲ್ಲ ಬಳಕೆಯಲ್ಲಿದೆ. ಹತ್ತಿರದವು ಒಂದು ಗುಂಪಿಗೆ, ದೂರದವು ಬೇರೆ ಗುಂಪಿಗೆ. ತಾಯಿ-ತಂದೆಗಳನ್ನು ಆರಿಸುವಾಗ ದೂರದ ಗುಂಪುಗಳಿಂದ ಒಂದೊಂದು ತೆಗೆದುಕೊಂಡರೆ ಮಕ್ಕಳಲ್ಲಿ ಹೆಚ್ಚು ಬಗೆ ಸಿಗುತ್ತದೆ, ಆರಿಸಲು ಅವಕಾಶ ಹೆಚ್ಚು. ದೂರವಿದ್ದ ಮಾತ್ರಕ್ಕೆ ಒಳ್ಳೆಯ ಸಂಬಂಧವಲ್ಲ ಎಂಬುದೂ ನಿಜ. ಎರಡರಲ್ಲೂ ಏನಾದರೂ ಗುಣವಿರಬೇಕು.

ಕಣ್ಣಿಗೆ ಒಂದೇ ತರ ಕಂಡರೂ ಒಳಗೆ ಬೇರೆಯಿರುವವು ಇವೆ, ಬೇರೆ ಕಂಡರೂ ಒಳಗೆ ಒಂದೇ ಆಗಿರುವವೂ ಇವೆ. ಅದಕ್ಕೆ ಈಗ ಡಿಎನ್‌ಎ ಪರೀಕ್ಷೆ. ಎಳೆ ಎಲೆಯ ಚೂರು ಸಾಕು. ಹೆಬ್ಬೆಟ್ಟಿನ ಗುರುತು ಹೋಲಿಸಿದಂತೆ ಒಂದೊಂದು ಜಾಗದ ಗುರುತನ್ನು ಹೋಲಿಸುತ್ತಾರೆ. 2017ರಲ್ಲಿ ರಾಗಿಯ ಇಡೀ ವಂಶವಾಹಿ ಬರಹವನ್ನು ಓದಿ ಪ್ರಕಟಿಸಿದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರೂ ಇದ್ದರು. ಅವರು ಆರಿಸಿಕೊಂಡದ್ದು ನಮ್ಮಲ್ಲಿ ಬಿತ್ತುವ ಎಂಎಲ್-365 ತಳಿಯನ್ನೇ. ರಾಗಿಗೆ 36 ವರ್ಣತಂತುಗಳಿವೆ. ಎರಡು ಬೇರೆ ಬೇರೆ ಹುಲ್ಲುಗಳು ಹಿಂದೆಂದೋ ಕೂಡಿದ್ದರ ಫಲ ಅದು. ಆ ಎರಡರಲ್ಲಿ ಒಂದರ ಕುಲದ್ದು ಇಂದಿಗೂ ನಿಮ್ಮ ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ರಾಗಿಯಂತೆಯೇ ಬೆರಳು ಬಿಚ್ಚಿಕೊಂಡು ನಿಂತಿದೆ. ಅದನ್ನು ಕಳೆಯೆಂದು ಕಿತ್ತು ಹಸುವಿಗೆ ಹಾಕುತ್ತೀರಿ.

ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು 5,940 ರಾಗಿ ಬೀಜಗಳನ್ನು ಹೀಗೆ ಅಳೆದು, ಎಲ್ಲ ಬಗೆಯೂ ಉಳಿಯುವಂತೆ 622ಕ್ಕೆ ಇಳಿಸಿದರು. ಆಮೇಲೆ ಅದರಿಂದ 80ನ್ನು ಆರಿಸಿದರು. ಆರು ಸಾವಿರವನ್ನು ಪ್ರತಿ ವರ್ಷ ಬಿತ್ತಿ ರೋಗಕ್ಕೋ ಬರಕ್ಕೋ ಪರೀಕ್ಷಿಸಲು ಯಾರ ಕೈಲೂ ಆಗದು. ಎಂಬತ್ತನ್ನು ಮಾಡಬಹುದು. ಅಲ್ಲಿ ಗುಣ ಕಂಡರೆ, ಅದರ ಗುಂಪಿನ ಉಳಿದ ನೆಂಟರನ್ನು ಹುಡುಕಿಕೊಂಡು ಹೋಗಬಹುದು.

ಇಷ್ಟೆಲ್ಲ ಓದಿ ನಿಮ್ಮ ಮನಸ್ಸಿಗೆ ಒಂದು ಪ್ರಶ್ನೆ ಬಂದಿರಬೇಕು. ಹುಲ್ಲಿನ ಮಾತೆಲ್ಲಿ?

ನನ್ನ ತಕರಾರೂ ಅದೇ. ರಾಗಿಯನ್ನು ಅಳೆಯುವಾಗ ಬಹುಕಾಲ ಕಾಳನ್ನೇ ನೋಡಲಾಯಿತು. ಎಕರೆಗೆ ಎಷ್ಟು ಕ್ವಿಂಟಾಲ್ ಎಂಬುದೇ ಪ್ರಶ್ನೆ. ಹುಲ್ಲನ್ನು ತೂಗಿದರೂ ರುಚಿ ನೋಡಿದ್ದು ಕಡಿಮೆ. ನಿಮಗಾದರೋ ರಾಗಿಯೆಂದರೆ ಮುದ್ದೆ ಒಂದು ಕಣ್ಣು, ಬಣವೆ ಇನ್ನೊಂದು ಕಣ್ಣು. ಗಿಡ್ಡ ಕಡ್ಡಿಯ ತಳಿ ಯಂತ್ರದ ಕೊಯ್ಲಿಗೆ ಚೆನ್ನ, ಬೀಳುವುದೂ ಇಲ್ಲ. ಏಪ್ರಿಲ್‌ನಲ್ಲಿ ಬಣವೆ ಕರಗಿದಾಗ ಲೋಡು ಹುಲ್ಲು ಕೊಳ್ಳುವವರು ನೀವು. ಹುಲ್ಲಿನ ಗುಣವೂ ತಳಿಯಿಂದ ತಳಿಗೆ ಬೇರೆ: ಎಲೆಯ ಪಾಲು ಎಷ್ಟು, ಕಡ್ಡಿ ಎಷ್ಟು ದಪ್ಪ, ಕೊಯ್ಲಿನ ಹೊತ್ತಿಗೆ ಕಡ್ಡಿಯಲ್ಲಿ ಹಸಿರು ಉಳಿದಿದೆಯೋ ಪೂರ್ತಿ ಒಣಗಿದೆಯೋ ಎಂಬುದರ ಮೇಲೆ ಹಸು ಎಷ್ಟು ತಿನ್ನುತ್ತದೆ, ತಿಂದದ್ದು ಎಷ್ಟು ಅರಗುತ್ತದೆ ಎಂಬುದು ನಿಲ್ಲುತ್ತದೆ.

ಜೋಳದಲ್ಲಿ ಈ ಕೆಲಸ ನಡೆದಿದೆ. ಹೈದರಾಬಾದಿನ ಮೇವಿನ ಮಾರುಕಟ್ಟೆಯಲ್ಲಿ ಒಣ ಜೋಳದ ಸಪ್ಪೆಯನ್ನು ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿದರು. ಅರಗುವ ಅಂಶ ನೂರಕ್ಕೆ ಐದರಷ್ಟು ಹೆಚ್ಚಿದ್ದ ಸಪ್ಪೆಗೆ ವ್ಯಾಪಾರಿಗಳು ಸುಮಾರು ಕಾಲುಭಾಗ ಹೆಚ್ಚು ಬೆಲೆ ಕೊಡುತ್ತಿದ್ದರು. ಯಂತ್ರವಿಲ್ಲದೆ, ಬರೀ ಕಣ್ಣಿಂದ, ಕೈಯಿಂದ ಮುಟ್ಟಿ ಕೊಡುತ್ತಿದ್ದ ಬೆಲೆ ಅದು. ಆಮೇಲೆ ಜೋಳದ ತಳಿ ಮಾಡುವವರು ಸಪ್ಪೆಯ ಗುಣವನ್ನೂ ಅಳೆಯತೊಡಗಿದರು. ಸಂಘದಲ್ಲಿ ಹಾಲಿನ ಫ್ಯಾಟ್ ನೋಡುವ ಯಂತ್ರದ ಹಾಗೆ, ಪುಡಿ ಮಾಡಿದ ಸಪ್ಪೆಯ ಮೇಲೆ ಬೆಳಕು ಹಾಯಿಸಿ ಗುಣ ಹೇಳುವ ಯಂತ್ರಗಳು ಅವರಲ್ಲಿವೆ. ರಾಗಿಯ ತಳಿ ಮಾಡುವವರಿಗೂ ಹುಲ್ಲಿನ ಮಾತು ಹೇಳುವವರು ಬೇಕು. ಅದನ್ನು ಹೇಳಲು ನಿಮಗಿಂತ ತಿಳಿದವರು ಯಾರೂ ಇಲ್ಲ. ಆದರೆ "ಹಳೇ ರಾಗಿ ಹುಲ್ಲೇ ಚೆಂದ ಇತ್ತು" ಎಂದರೆ ಅವರಿಗೆ ಉಪಯೋಗವಾಗದು. ಅಂಕಿ ಬೇಕು. ಅಂಕಿಯನ್ನು ನಿಮ್ಮ ಮನೆಯಲ್ಲೇ ಹೀಗೆ ತೆಗೆಯಬಹುದು.

ಈ ಮುಂಗಾರಿಗೆ ಹೊಲದ ಒಂದು ಕಡೆ, ಬದು ಮತ್ತು ತಿಪ್ಪೆಯಿಂದ ದೂರ, ಒಂದೇ ತರದ ನೆಲದಲ್ಲಿ ಮೂರು ಬಗೆಯ ರಾಗಿ ಹಾಕಿ. ಒಂದು ನೀವು ಈಗ ಬಿತ್ತುತ್ತಿರುವುದು, ಒಂದು ಮನೆಯಲ್ಲೋ ತವರಲ್ಲೋ ಉಳಿದಿರುವ ಹಳೆಯದು, ಇನ್ನೊಂದು ಪಕ್ಕದವರದು. ಒಂದೇ ದಿನ ಬಿತ್ತನೆ, ಒಂದೇ ಅಂತರ, ಒಂದೇ ಗೊಬ್ಬರ. ಜಾಗವಿದ್ದರೆ ಪ್ರತಿಯೊಂದನ್ನೂ ಎರಡು ಕಡೆ ಹಾಕಿ, ಒಂದು ಕಡೆ ನೀರು ನಿಂತು ಹಾಳಾದರೂ ಇನ್ನೊಂದು ಇರುತ್ತದೆ. ಮೊದಲ ತೆನೆ ಇಣುಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ತೆನೆ ಬಲಿಯುವ ಹೊತ್ತಿಗೆ ಪ್ರತಿ ಬಗೆಯಲ್ಲೂ ನಡುವಿನ ಐದು ಗಿಡಗಳಿಗೆ ದಾರ ಕಟ್ಟಿ, ತೆಂಡೆ ಎಣಿಸಿ, ಎತ್ತರ ಅಳೆಯಿರಿ. ದಾರ ಕಟ್ಟುವಾಗ ಚೆಂದದ ಗಿಡ ಆರಿಸಬೇಡಿ. ಕೈಗೆ ಸಿಕ್ಕಿದ್ದಕ್ಕೆ ಕಟ್ಟಿ. ನೂರು ತೆನೆ ನೋಡಿ ಎಷ್ಟರ ಕುತ್ತಿಗೆ ಕಪ್ಪಾಗಿದೆ ಎಂದು ಎಣಿಸಿ. ಕೊಯ್ಯುವಾಗ ಹತ್ತಡಿಗೆ ಹತ್ತಡಿ ಜಾಗ ಗುರುತಿಸಿ ಅಷ್ಟನ್ನೇ ಬೇರೆ ಕೊಯ್ದು, ಒಂದೇ ಅಷ್ಟು ದಿನ ಒಣಗಿಸಿ, ಕಾಳು, ಹುಲ್ಲು ಎರಡನ್ನೂ ತೂಗಿ.

ಇನ್ನು ಗೋದಲಿಯ ಪರೀಕ್ಷೆ. ಇದಕ್ಕೆ ಒಂದು ಬಗೆಯ ಹುಲ್ಲು ಹಲವು ದಿನಕ್ಕಾಗುವಷ್ಟು ಬೇಕು, ಆದ್ದರಿಂದ ದೊಡ್ಡದಾಗಿ ಬೆಳೆದ ಎರಡು ಬಗೆಯನ್ನು ಮಾತ್ರ ತೆಗೆದುಕೊಳ್ಳಿ. ಹೊಸದಾಗಿ ಕರು ಹಾಕಿದ ಹಸು ಬೇಡ, ಬೆದೆಯ ದಿನಗಳೂ ಬೇಡ. ಒಂದೇ ಹಸು, ಪಶು ಆಹಾರ ಹಸಿಮೇವು ಎಂದಿನಷ್ಟೇ. ಹುಲ್ಲನ್ನು ಒಂದೇ ಉದ್ದಕ್ಕೆ ಕತ್ತರಿಸಿ ದಿನಕ್ಕೆ ಐದು ಕೆಜಿ ಹಾಕಿದಿರಿ ಎನ್ನಿ. ಮರುದಿನ ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದನ್ನು ತೂಗಿ ಬರೆಯಿರಿ. ಮೊದಲ ಮೂರು ದಿನ ಹೊಟ್ಟೆ ಒಗ್ಗಲು ಬಿಡಿ, ಆಮೇಲಿನ ನಾಲ್ಕು ದಿನದ ಲೆಕ್ಕ ಹಿಡಿಯಿರಿ. ನಂತರ ಎರಡನೆಯ ಹುಲ್ಲು ಏಳು ದಿನ. ಆಮೇಲೆ ಮತ್ತೆ ಮೊದಲಿನದು ಏಳು ದಿನ. ಹಿಂದಕ್ಕೆ ಬರುವುದು ಏಕೆಂದರೆ, ದಿನ ಕಳೆದಂತೆ ಹಾಲು ತಾನಾಗಿಯೇ ಇಳಿಯುತ್ತದೆ. ಹಿಂದಿರುಗಿ ನೋಡದಿದ್ದರೆ ಆ ಇಳಿತದ ಅಪವಾದ ಎರಡನೆಯ ಹುಲ್ಲಿನ ಮೇಲೆ ಬೀಳುತ್ತದೆ. ಹಾಲಿನ ಅಳತೆ, ಫ್ಯಾಟ್ ಸಂಘದ ಚೀಟಿಯಲ್ಲೇ ಇರುತ್ತದೆ. ಚೀಟಿ ಎಸೆಯಬೇಡಿ. ಆದರೆ ಚೀಟಿಯಲ್ಲಿ ಎಲ್ಲ ಹಸುಗಳ ಹಾಲೂ ಸೇರಿರುವುದಾದರೆ, ಪರೀಕ್ಷೆಯ ಹಸುವಿನದನ್ನು ಮನೆಯಲ್ಲೇ ಬೇರೆ ಅಳೆದು ಬರೆದಿಡಿ.

ಹಳೆಯ ಬೀಜವನ್ನು ಉಳಿಸುವ ಮಾತು ಒಂದಿಷ್ಟು. ಒಕ್ಕಣೆಗೆ ಮೊದಲೇ ಹೊಲದಲ್ಲಿ ನಿಂತು, ರೋಗವಿಲ್ಲದ ಗಿಡಗಳ ತೆನೆ ಆರಿಸಿ ಬೇರೆ ಕೊಯ್ದು ಬೇರೆಯೇ ಬಡಿಯಿರಿ. ಬೀಜ ಬೆರೆಯುವುದು ಹೊಲದಲ್ಲಿ ಕಡಿಮೆ, ಕಣದಲ್ಲಿ ಮತ್ತು ಒಕ್ಕಣೆ ಯಂತ್ರದಲ್ಲೇ ಹೆಚ್ಚು. ಚೆನ್ನಾಗಿ ಒಣಗಿಸಿ, ಆರಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲೋ ಮಡಕೆಯಲ್ಲೋ ಇಡಿ. ಒಂದೇ ಮನೆಯಲ್ಲಿ ಇಡಬೇಡಿ. ಒಂದು ಸೇರನ್ನು ತಂಗಿಗೋ ನಾದಿನಿಗೋ ಕೊಡಿ, ನಿಮ್ಮದು ಹೋದ ವರ್ಷ ಅವರ ಬಳಿ ಇರುತ್ತದೆ. ಬೀಜ ಕೊಟ್ಟರೆ ಹಕ್ಕು ಹೋಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಮ್ಮ ಹೊಲದ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕು ನಿಮಗಿದೆ. ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕೆಟ್ಟಿನಲ್ಲಿ ಮಾರುವಂತಿಲ್ಲ, ಅಷ್ಟೇ. ನೀವೇ ಕಾಪಾಡಿದ ತಳಿಯನ್ನು ರೈತ ತಳಿಯೆಂದು ನೋಂದಾಯಿಸಲೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಅದಕ್ಕೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.

ಡಬ್ಬಿಯೊಳಗೆ ಒಂದು ಚೀಟಿ, ಹೊರಗೆ ಒಂದು ಚೀಟಿ ಇರಲಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್‌ನಲ್ಲಿ ಬರೆಯಿರಿ: ರಾಗಿಯ ಹೆಸರು, ಊರು, ಬೆಳೆದ ವರ್ಷ, ಬೀಜ ಯಾರಿಂದ ಬಂತು, ಎಷ್ಟು ದಿನದ ಬೆಳೆ, ತೆನೆ ಬಿಚ್ಚಿದ್ದೋ ಮುಷ್ಟಿಯೋ, ಹುಲ್ಲನ್ನು ಹಸು ಹೇಗೆ ತಿಂದಿತು. ಕೊನೆಯ ಸಾಲನ್ನು ಬಿಡಬೇಡಿ. ಬೀಜ ಸಂಗ್ರಹದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಖಾಲಿ ಇರುವ ಸಾಲು ಅದೇ.